ಕೋಟೆಯೊಳಗಿನ ಫೋಸ್ಕಾ
ಲುಕ್ಕಾ ಪಟ್ಟಣದ ಕೋಟೆಯೊಳಗೆ ಯಾರು ಏನು ನೋಡಲು ಬಂದರೂ ಮೊದಲು ಮುದುಕಿ ಫೋಸ್ಕಾಳಿಂದ ಬೈಸಿಕೊಳ್ಳಬೇಕು. ನನ್ನ ಬ್ರೆಡ್ ಅಂಗಡಿಯೆದುರಿನ ಕಲ್ಲುಬೆಂಚೇ ಅವಳ ಠಾಣೆ. ಇಗರ್ಜಿಯ ಮೆಟ್ಟಿಲ ಮೇಲೆ ಪಿಜ್ಜಾ ತಿನ್ನುವವರಿಗೆ, "ಏಳ್ರೀ, ಇದೇನು ನಿಮ್ಮಜ್ಜಿ ಮನೆ ಜಗಲೀನಾ?" ಎನ್ನುತ್ತಾಳೆ. ಕೋಟೆಗೋಡೆ ಎಲ್ಲಿ ಎಂದವರಿಗೆ, "ನೆಟ್ಟಗೆ ಹೋಗಿ, ಹಣೆಗೆ ಬಡಿಯುತ್ತಲ್ಲ, ಅದೇ." ನೆತ್ತಿಯ ಮೇಲೆ ಮರ ಬೆಳೆಸಿಕೊಂಡ ಗೋಪುರದ ಫೋಟೋ ತೆಗೆಯುತ್ತ ದಾರಿಗಡ್ಡ ನಿಂತವರಿಗೆ, "ಗೋಪುರ ಎಲ್ಲೂ ಓಡಿಹೋಗಲ್ಲ, ಸರೀರಿ ಆಚೆ." "ಸಾಕು ಮಾಡೇ, ಅವರು ನನ್ನ ಗಿರಾಕಿಗಳು," ಎಂದರೆ ನನಗೂ ಮಂಗಳಾರತಿ. ಶಿಲುಬೆ ಹಬ್ಬದ ಸಂಜೆ, ಮೆರವಣಿಗೆ ಸಾಗುವ ನಮ್ಮ ಬೀದಿಯ ಪ್ರತಿ ಕಿಟಕಿಯಲ್ಲೂ ಗಾಜಿನ ಲೋಟದೊಳಗೆ ದೀಪ ಉರಿಯಬೇಕು. ಈ ಸಲ ಎದುರು ಮನೆಯೊಂದು ಕತ್ತಲಾಗಿತ್ತು. ಅದು ಫೋಸ್ಕಾ ಹುಟ್ಟಿ ಬೆಳೆದ ಬಾಡಿಗೆ ಮನೆ. ಪ್ರವಾಸಿಗರಿಗೆ ಕೊಡಲೆಂದು ಮಾಲೀಕ ಅವಳಿಂದ ಮನೆ ಬಿಡಿಸಿದ್ದ. ಈಗ ಅವಳು ದಿನವೂ ಕೋಟೆಯಾಚೆಯಿಂದ ಬಸ್ಸು ಹತ್ತಿ ಬಂದು ಬೈಯುತ್ತಾಳೆ. ಆ ಸಂಜೆ ಅವಳು ದೀಪದ ಲೋಟಗಳ ಚೀಲ ಹೊತ್ತು ಹೋಗಿ ಆ ಮನೆಯ ಬಾಗಿಲು ಬಡಿದಳು, ಜೊತೆಗೆ ನಾನಿದ್ದೆ. ಬಾಗಿಲು ತೆರೆದ ಪ್ರವಾಸಿ ಹುಡುಗಿ ಚೀಲ ನೋಡಿ ಮೆಲ್ಲಗೆ ಹೇಳಿದಳು: "ಅಜ್ಜಿ, ನಾವು ಖಾಲಿ ಮಾಡೋದು ನಾಳೆ. ನಿಮ್ಮ ಬುಕಿಂಗ್ ಯಾವತ್ತಿಂದ?" ಫೋಸ್ಕಾ ಬೈಯಲಿಲ್ಲ. ಅವಳನ್ನು ಕಂಡು ನಾನು ಹೆದರಿದ್ದು ಅದೇ ಮೊದಲು.