ಅಂಟು ಹಸಿ ಇದೆ, ಮುಟ್ಟಬೇಡಿ

ಹಳೆ ಕುರ್ಚಿ ರಿಪೇರಿ ಮಾಡುವ ಉಳಿಮಾಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿರಲಿಲ್ಲ. ಅಂಟು ಹಚ್ಚಿ ಹಗ್ಗ ಬಿಗಿದಿಟ್ಟ ಕುರ್ಚಿಯನ್ನು ಯಾರಾದರೂ ಮುಟ್ಟಿದರೆ ಜನ್ಮ ಜಾಲಾಡಿಬಿಡುತ್ತಿದ್ದರು. ಅದಕ್ಕೆಂದೇ ‘ಅಂಟು ಹಸಿ ಇದೆ, ಮುಟ್ಟಬೇಡಿ’ ಎಂದು ಹಲಗೆ ಬರೆದು ನೇತುಹಾಕಿದ್ದರು. ತಾವು ಮಾತ್ರ, ಕೂಡಿಸಿದ ಕುರ್ಚಿ ಕಾಲನ್ನು ಒಮ್ಮೆ ತಿರುಚಿ ನೋಡದೆ ಊಟಕ್ಕೆ ಏಳುವ ಆಸಾಮಿಯಲ್ಲ.

ಇಂಥವರ ಬೆನ್ನಿನ ಮೂಳೆಯೊಂದು ಕೆಳಗಿನದರ ಮೇಲಿಂದ ಜಾರಿ, ಎಡಗಾಲು ಜೋಮು ಹಿಡಿಯಿತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟ್ರಮ್ಮ.

“ಎರಡೂ ಮೂಳೆ ಸೇರಿಸಿ ಸ್ಕ್ರೂ ಹಾಕ್ತೀವಿ. ಮಧ್ಯೆ ದಾನಿಯ ಮೂಳೆ ಇಡ್ತೀವಿ. ತೀರಿಕೊಂಡೋರು ಕೊಟ್ಟಿದ್ದು.”

ಎಲ್ಲಿಯದೆಂದು ತಿಳಿಯದ ಮರದ ತುಂಡನ್ನು ಉಳಿಮಾಮ ಅಂಗಡಿಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

“ಅದ್ರಲ್ಲಿ ಹುಳ ಗಿಳ ಇದ್ರೆ?”

“ಪರೀಕ್ಷೆ ಮಾಡಿ, ಶುದ್ಧ ಮಾಡಿರ್ತಾರೆ. ಸೋಂಕು ತಗಲೋದು ತುಂಬಾ ಅಪರೂಪ. ಅದು ಬರೀ ಆಸರೆ. ನಿಮ್ಮ ಮೂಳೆನೇ ಅದರೊಳಗೆ ಬೆಳೆದು ಬೆಸೀಬೇಕು, ತಿಂಗಳುಗಟ್ಟಲೆ ಹಿಡಿಯತ್ತೆ. ಅಲ್ಲೀತನಕ ಬಗ್ಗೋದು, ತಿರುಚೋದು ಏನೂ ಮಾಡಬಾರದು.”

“ಬೆಸೀದೆ ಹೋದ್ರೆ?”

“ಕೆಲವರಿಗೆ ಹಾಗಾಗತ್ತೆ. ಮತ್ತೆ ಆಪರೇಷನ್ ಬೇಕಾಗಬಹುದು.”

ಆಪರೇಷನ್ ಆಗಿ ಮನೆಗೆ ಬಂದ ಮೇಲೂ ಅದೊಂದೇ ಮಾತು ತಲೆ ಕೊರೆಯಿತು. ಒಳಗೆ ಹಿಡಿಯುತ್ತಿದೆಯೋ ಇಲ್ಲವೋ? ಇನ್ನು ಕೆಲಸದ ಮೇಜಿನ ಮುಂದೆ ನಿಲ್ಲುವ ಯೋಗ ಉಂಟೋ ಇಲ್ಲವೋ? ಹೇಳುವವರು ಯಾರು? ಒಂದು ಮಧ್ಯಾಹ್ನ ಹೆಂಡತಿ ದಿನಸಿ ತರಲು ಹೋದದ್ದೇ ತಡ, ಮಂಚದ ಅಂಚಿಗೆ ಕೂತರು. ಮಂಚದ ಸರಳು ಹಿಡಿದು ಸೊಂಟವನ್ನು ಮೆಲ್ಲಗೆ ತಿರುಚಿದರು.

ಬೆನ್ನೊಳಗೆ ‘ಕಟ್’ ಎಂದಿತು.

ಉಸಿರು ಬಿಡಲೂ ಭಯ. ಹೆಂಡತಿ ಬಂದಳು, ತಟ್ಟೆ ಇಟ್ಟಳು. ಅದನ್ನು ಹಾಗೇ ಪಕ್ಕಕ್ಕೆ ಸರಿಸಿದರು. ಮರುದಿನವೂ ಅದೇ ಕಥೆ. ಕೊನೆಗೆ ತಡೆಯಲಾರದೆ ಬಾಯಿಬಿಟ್ಟರು.

“ನಿಮ್ಮ ಬೆನ್ನೇನು ಕುರ್ಚಿ ಕಾಲೇನ್ರೀ?” ಎಂದು ರೇಗಿದವಳ ಮುಖವೂ ಬಿಳಿಚಿಕೊಂಡಿತು.

ಎಕ್ಸ್‌ರೇ ನೋಡಿ ಡಾಕ್ಟ್ರಮ್ಮ ಹೇಳಿದರು: “ಸ್ಕ್ರೂ ಅಲ್ಲಾಡಿಲ್ಲ. ಮೂಳೆ ಬೆಸೆಯತ್ತಾ ಅಂತ ಈಗಲೇ ಹೇಳಕ್ಕಾಗಲ್ಲ. ಕಾಯ್ಬೇಕು.”

ಆ ಸಂಜೆ ಹೆಂಡತಿ ಅಂಗಡಿಯಿಂದ ‘ಮುಟ್ಟಬೇಡಿ’ ಹಲಗೆ ತಂದು ಮಂಚದ ತಲೆದಿಕ್ಕಿಗೆ ನೇತುಹಾಕಿದಳು. ಉಳಿಮಾಮ ನಗಲಿಲ್ಲ.

“ಇವಳೇ, ಹಿಡೀದೆ ಹೋದ್ರೆ?”

“ಅದನ್ನ ಆಮೇಲೆ ನೋಡೋಣ. ಮೊದ್ಲು ಬೆನ್ನಿಂದ ಕೈ ತೆಗೀರಿ.”

ಕೈ ಅಲ್ಲಿಗೆ ಯಾವಾಗ ಹೋಗಿತ್ತೋ ಅವರಿಗೇ ಗೊತ್ತಿರಲಿಲ್ಲ.