ಪಡವಲಕಾಯಿಗೆ ಕಟ್ಟಿದ ಕಲ್ಲು

ನಮ್ಮ ಮನೆಗೂ ಮೈದುನನ ಮನೆಗೂ ನಡುವೆ ಒಂದೇ ಚಪ್ಪರ. ಈಚೆ ಬದಿಗೆ ನನ್ನ ಪಡವಲದ ಬಳ್ಳಿ, ಆಚೆ ಬದಿಗೆ ವಾರಗಿತ್ತಿಯದು. ಬೀಜ ಒಂದೇ, ಗೊಬ್ಬರವೂ ಒಂದೇ ಕೊಟ್ಟಿಗೆಯದು. ಆದರೂ ಕೋಡಿಹಳ್ಳಿ ಬಸ್ಸಿಗೆ ಹೋಗುವವರು ನಿಂತು ನೋಡುತ್ತಿದ್ದುದು ಅವಳ ಕಾಯಿಗಳನ್ನೇ.

ಪಡವಲಕಾಯಿ ತನ್ನ ಪಾಡಿಗೆ ಬಿಟ್ಟರೆ ನೆಟ್ಟಗೆ ಬೆಳೆಯುವುದಿಲ್ಲ. ಒಳಗಿನ ತಿರುಳು ಉಬ್ಬಿ ತಳ್ಳುತ್ತದೆ, ಸಿಪ್ಪೆ ಬಿಗಿಹಿಡಿಯುತ್ತದೆ. ಒಂದು ಮಗ್ಗುಲು ಹೆಚ್ಚು ಹಿಗ್ಗಿತೋ, ಕಾಯಿ ಇನ್ನೊಂದು ಮಗ್ಗುಲಿಗೆ ಸುರುಳಿ ಸುತ್ತುತ್ತದೆ. ಅದಕ್ಕೇ ಎಳೆಯದರಲ್ಲೇ ತುದಿಗೆ ದಾರ ಸುತ್ತಿ ಸಣ್ಣ ಕಲ್ಲು ಇಳಿಬಿಡುವುದು. ನಾನು ಆತುರಕ್ಕೆ ದಪ್ಪ ಕಲ್ಲು ಕಟ್ಟಿ ಎಷ್ಟೋ ಹೀಚು ಮುರಿದಿದ್ದೇನೆ. ಅವಳು ಅಂಗೈಯಲ್ಲಿ ತೂಗಿ ನೋಡಿ, ಕಾಯಿ ಬಲಿತಂತೆ ಕಲ್ಲು ಬದಲಿಸುತ್ತಿದ್ದಳು.

ಆ ಸಲ ಸೋಲೂರಿನ ನಾದಿನಿಯ ಗೃಹಪ್ರವೇಶಕ್ಕೆ ಕಾಯಿ ಕಳಿಸಬೇಕಿತ್ತು. ಅತ್ತೆ ವಾರಗಿತ್ತಿಯ ಉದ್ದನೆಯ ಕಾಯಿ ಸವರಿ ನೋಡಿದರು.

"ಇವ ಯಾರೂ ಮುಟ್ಬ್ಯಾಡಿ, ಸೋಲೂರ್ಗೆ ಹೋಗ್ಲಿ. ನಿಂದು ಮನೆ ಸಾರಿಗಾಯ್ತದೆ ಬುಡು."

ಇಪ್ಪತ್ತೆರಡು ವರ್ಷ ಅವರಿಗೆ ಮುದ್ದೆ ತಿರುವಿದವಳು ನಾನು. ಒಂದು ಸಲ, ಒಂದೇ ಒಂದು ಸಲ, ನನ್ನ ಕಾಯಿ ಹೋಗಬಾರದೇ?

ವಾರಗಿತ್ತಿ ಮೂರು ದಿನ ತವರಿಗೆ ಹೋದಳು. ಅಂದೇ ಡೈರಿಗೆ ಹಾಲು ಹಾಕಿ ಬಂದವಳು ಅವಳ ಕಾಯಿಗಳ ಗಂಟು ಬಿಚ್ಚಿದೆ. ದಾರ, ಕಲ್ಲು ಎಲ್ಲ ಬುಡದಲ್ಲೇ ಬಿಟ್ಟೆ. ಅವಳು ವಾಪಸು ಬರುವಷ್ಟರಲ್ಲಿ ಕಾಯಿಗಳು ಕುಡುಗೋಲಿನಂತೆ ಬಾಗಿದ್ದವು. ಮತ್ತೆ ಕಲ್ಲು ಕಟ್ಟಿದಳು. ಆಮೇಲೆ ಬೆಳೆದ ತುದಿಯೇನೋ ನೆಟ್ಟಗಿಳಿಯಿತು, ಬಾಗಿ ಬಲಿತಿದ್ದ ಭಾಗ ಮಾತ್ರ ಹಾಗೇ ಉಳಿಯಿತು.

"ಅಳಿಲೇ ಕಲ್ಲು ಬೀಳ್ಸಿರ್ಬೇಕು ಕಣತ್ತೆ, ಇನ್ಯಾರು," ಎಂದೆ.

"ಇನ್ನೇನ್ಮಾಡದು, ನಿಂದನ್ನೇ ಕಳಿಸ್ಬೇಕು," ಎಂದರು ಅತ್ತೆ, ಒಲ್ಲದ ಮನಸ್ಸಿನಿಂದ. ಅಷ್ಟಕ್ಕೇ ನನಗೆ ಹಿಗ್ಗು.

ಹೊರಡುವ ದಿನ ಚೀಲಕ್ಕೆ ಕಾಯಿ ತುಂಬುತ್ತಿದ್ದೆ. ವಾರಗಿತ್ತಿ ಬಂದು, ಕಾಯಿ ಉಜ್ಜದಿರಲೆಂದು ನಡುನಡುವೆ ಬಾಳೆಲೆ ಇಟ್ಟಳು. ಅತ್ತೆ ಅತ್ತ ಸೀರೆ ಉಡುತ್ತಿದ್ದರು.

"ಅಕ್ಕ," ಎಂದಳು ಮೆಲ್ಲಗೆ, "ಅಳಿಲಾಗಿದ್ರೆ ದಾರ ಕಡೀತಿತ್ತು. ಗಂಟು ಬಿಚ್ಚಾಕಿಲ್ಲ."

ನಾನು ಕೈಲಿದ್ದ ಕಾಯಿಯನ್ನು ಚೀಲಕ್ಕೆ ಇಳಿಸಿದೆ.

"ಚೀಲದ ಬಾಯಿ ಒಸಿ ಬಿಗಿಯಾಗಿ ಕಟ್ಟು. ಬಸ್ ಬರೋ ಹೊತ್ತಾಯ್ತು," ಎಂದಳು ಅವಳೇ.

ಅತ್ತೆಗೆ ಅವಳು ಇವತ್ತಿನವರೆಗೂ ಹೇಳಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಸುಮ್ಮನಿರುತ್ತಿದ್ದೆನೇ? ಇಲ್ಲ. ಬಾಯಿ ಬಿಗಿಹಿಡಿಯುವ ಅವಳ ಆ ಗುಣಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.