ಬೇಲಿಯ ತುಂಬೆ

ನೆಗಡಿಗೆ ತುಂಬೆಯ ಹಬೆ, ಚೇಳು ಕುಟುಕಿದರೆ ಅದೇ ಸೊಪ್ಪನ್ನು ಅರೆದು ಹಚ್ಚುವುದು, ಕಾಮಾಲೆಗೆ ಹೂವಿನ ರಸ ಕಣ್ಣಿಗೆ. ನಮ್ಮಮ್ಮನಿಗೆ ಗೊತ್ತಿದ್ದ ಮದ್ದು ಇಷ್ಟೇ. ಆದರೆ ತುಂಬೆಯನ್ನು ಮಾಕಳಿ ಬೆಟ್ಟದ ಬುಡದ ಕಾಡಿನಿಂದಲೇ ತರುತ್ತಿದ್ದಳು.

ಅಮ್ಮ ಹೋದ ಮೇಲೆ ದೊಡ್ಡಬಳ್ಳಾಪುರದ ಮನೆಯಲ್ಲಿ ನಾನು, ಅಕ್ಕ, ಎರಡು ಪವರ್‌ಲೂಮ್ ಮಗ್ಗ. ಹೋದ ವರ್ಷ ಅಕ್ಕನಿಗೆ ಕಾಮಾಲೆಯಾಯಿತು.

"ಅಮ್ಮ ಹಾಕ್ತಿದ್ಲಲ್ಲ, ಹಂಗೇ ಹಾಕೆ. ಬೆಟ್ಟಕ್ಕೇ ಹೋಗು, ದಾರೀಲಿ ಸಿಕ್ಕಿದ್ದೆಲ್ಲಾ ಕಿತ್ಕೊಂಬರ್ಬೇಡ" ಅಂದಳು.

"ಆಯ್ತು ಮಹರಾಯ್ತಿ, ಬೆಟ್ಟಾನೇ ಹೊತ್ಕೊಂಬರ್ತೀನಿ."

ಹೋಗಲಿಲ್ಲ. ಎರಡೂ ಮಗ್ಗ ನನ್ನ ತಲೆಗೇ ಬಿದ್ದಿದ್ದವು, ಆ ಸಿಟ್ಟಿತ್ತು. ಊರಾಚೆ ದ್ರಾಕ್ಷಿ ತೋಟದ ಬೇಲಿಯಲ್ಲಿ ತುಂಬೆ ಬೆಳ್ಳಗೆ ಹೂ ಬಿಟ್ಟಿತ್ತು. ಎಲೆಯ ಮೇಲೆ ಹುಳದ ಔಷಧಿಯ ಕಲೆ. ಕಿತ್ತ ಕೈಯೂ ನಾತ ಹೊಡೆಯಿತು. ಒಂದು ಸಲ ನೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಹಿಂಡಿ, ಅಕ್ಕನ ಬಲಗಣ್ಣಿಗೆ ಬಿಟ್ಟೆ.

"ತಡೆಯಕ್ಕಾಗ್ತಿಲ್ಲ ಕಣೆ."

"ಉರಿದ್ರೇ ಹಳದಿ ಇಳಿಯೋದು. ಸುಮ್ನಿರು."

ಎಡಗಣ್ಣನ್ನು ಅವಳು ತೆರೆಯಲೇ ಇಲ್ಲ. ಆ ಕಣ್ಣು ಉಳಿದದ್ದು ಹಾಗೆ.

ಬೆಳಗಾಗುವಷ್ಟರಲ್ಲಿ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಯಾವ ಗಿಡದ ರಸವನ್ನೂ ಕಣ್ಣಿಗೆ ಬಿಡಬಾರದು ಎಂದು ಬೈದರು. "ಎಲ್ಲಿಂದ ಕಿತ್ತಿದ್ದು? ಹುಳದ ಔಷಧಿ ಹೊಡೆದಿದ್ರಾ?" ಎಂದು ಕೇಳಿದರು. ಅಕ್ಕ ನನ್ನ ಕಡೆ ಮುಖ ತಿರುಗಿಸಿದಳು.

"ಇಲ್ಲ ಮೇಡಂ, ಬೆಟ್ಟದ್ದು" ಅಂದೆ.

ನಿಜ ಹೇಳಿದ್ದರೆ ಬೇರೆ ಚಿಕಿತ್ಸೆ ಕೊಡುತ್ತಿದ್ದರೋ ಏನೋ. ಯಾರನ್ನಾದರೂ ಕೇಳಿ ತಿಳಿದುಕೊಳ್ಳುವ ಧೈರ್ಯ ಇವತ್ತಿಗೂ ಇಲ್ಲ.

ಬಲಗಣ್ಣಿಗೆ ಬಿಳಿ ಪೊರೆ ಕಟ್ಟಿತು. ಒಂದೇ ಕಣ್ಣಿನಲ್ಲಿ, ಓಡುವ ಮಗ್ಗದಲ್ಲಿ ಕಡಿದ ಎಳೆ ಹುಡುಕುವುದು ಅವಳಿಂದ ಆಗಲಿಲ್ಲ. ಅವಳ ಮಗ್ಗ ಮಾರಿದೆವು. ಈಗ ಮೂಲೆಯಲ್ಲಿ ಕೂತು ನನ್ನ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾಳೆ. ಬೀದಿಯವರು ತುಂಬೆಯನ್ನು ಬೈದರೆ ಅವಳಿಗೆ ಸಿಟ್ಟು ಬರುತ್ತದೆ. "ಹೂವೇನು ಮಾಡ್ತದೆ? ಅಮ್ಮ ಎಷ್ಟು ಜನಕ್ಕೆ ಹಾಕಿಲ್ಲ? ಇದು ನನ್ನ ಹಣೆಬರಹ ಕಣ್ರೇ" ಅನ್ನುತ್ತಾಳೆ. ಹೂವಿನ ಮೇಲಿನ ತಪ್ಪನ್ನೂ ತಾನೇ ಹೊತ್ತುಕೊಂಡಳು. ನಾನು ಅಲ್ಲೇ ನಿಂತಿರುತ್ತೇನೆ.

ಮೊನ್ನೆ ಅವಳಿಗೆ ನೆಗಡಿಯಾಗಿ, ಹಬೆ ತೆಗೆದುಕೊಳ್ಳಲು ತುಂಬೆ ತರಲು ಹೇಳಿದಳು. ಈ ಸಲ ಬೆಟ್ಟಕ್ಕೇ ಹೋಗಿ ತಂದೆ. ಒಂದು ಕುಡಿಯನ್ನು ಕೈಯಲ್ಲಿ ಉಜ್ಜಿ ಅಕ್ಕ ಮೂಗಿಗೆ ಹಿಡಿದಳು.

"ಅವತ್ತು ಕಣ್ಣಿಗೆ ಬಿಟ್ಟಿದ್ದಕ್ಕೆ ಹಿಂಗೆ ವಾಸ್ನೆ ಇರ್ಲಿಲ್ಲ, ಅಲ್ವೇನೆ?"

ಎದ್ದು ಹೋಗಿ ಮಗ್ಗದ ಸ್ವಿಚ್ ಹಾಕಿದೆ. ಆ ಸದ್ದಿನಲ್ಲಿ ಅವಳು ಇನ್ನೊಂದು ಸಲ ಕೇಳಿದ್ದರೂ ನನಗೆ ಗೊತ್ತಿಲ್ಲ.